ಬಿ.ಎಡ್. ಮುಗಿಸಿ ಹೊರದೇಶಕ್ಕೆ: ಪಾಠ ಬೇಕೋ, ತಿರುಗಾಟ ಬೇಕೋ?

ಹೋದ ದಸರಾ ರಜೆಯಲ್ಲಿ ಸಾಗರದ ಕಡೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ದೂರದ ನೆಂಟರ ಮಗಳು. ಶಿವಮೊಗ್ಗದಲ್ಲಿ ಬಿ.ಎಡ್. ಎರಡನೇ ವರ್ಷ. ಇಂಟರ್ನ್‌ಶಿಪ್‌ಗೆ ಅಂತ ಹೈಸ್ಕೂಲೊಂದರಲ್ಲಿ ಒಂಬತ್ತನೇ ಕ್ಲಾಸಿಗೆ ಗಣಿತ ಮಾಡುತ್ತಿದ್ದಾಳೆ. ಕಾಫಿ ಲೋಟ ಕೈಗೆ ತಗೊಳ್ಳುವ ಮುಂಚೆಯೇ ಮೊಬೈಲ್ ತೆಗೆದು ಪಟ್ಟಿ ತೋರಿಸಿದಳು. ದುಬೈ, ಭೂತಾನ್, ಥಾಯ್ಲೆಂಡ್, ಲಂಡನ್. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಬರೆದ ಹಾಗೆ, ಕೇಂದ್ರೀಯ ವಿದ್ಯಾಲಯ.

"ಅಕ್ಕಾ, ಇದ್ರಲ್ಲಿ ಯಾವ್ದು?"

"ನಿಂಗೆ ಪಾಠ ಮಾಡೋದು ಇಷ್ಟವಾ, ಊರು ತಿರುಗೋದಾ?"

"ಎರಡೂ."

ಎಲ್ಲರೂ ಹೇಳುವುದು ಇದನ್ನೇ. ನಾನೂ ಇದನ್ನೇ ಹೇಳಿಕೊಂಡು ಹೋಗಿ, ಯುಎಇಯ ಭಾರತೀಯ ಶಾಲೆಯೊಂದರಲ್ಲಿ ನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿ ಬಂದವಳು. ಈಗ ತೀರ್ಥಹಳ್ಳಿಯ ಹತ್ತಿರ ಕೆಲಸ. ಆ ನಾಲ್ಕು ವರ್ಷದಲ್ಲಿ ಅರ್ಥವಾಗಿದ್ದು ಇಷ್ಟು: ಬಿ.ಎಡ್.ಗೆ ಬೆಲೆ ಕೊಡುವ ಕಡೆ ತಿರುಗಾಡಲು ಪುರುಸೊತ್ತು ಕಡಿಮೆ. ತಿರುಗಾಡಲು ಪುರುಸೊತ್ತು ಇರುವ ಕಡೆ ಬಿ.ಎಡ್. ಬಗ್ಗೆ ಕೇಳುವವರು ಕಡಿಮೆ. ಎಲ್ಲ ಕಡೆಯೂ ಹೀಗೇ ಅಂತಲ್ಲ. ಆದರೆ ಪಟ್ಟಿಯಲ್ಲಿರುವ ಒಂದೊಂದು ಹೆಸರನ್ನೂ ಈ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಗೊಂದಲ ಅರ್ಧ ಇಳಿಯುತ್ತದೆ.

ದೇಶಕ್ಕಿಂತ ಮುಂಚೆ ನೋಡಬೇಕಾದ್ದು

ಮೊದಲು ನಿಮ್ಮ ಮೆಥಡ್, ಅಂದರೆ ಬಿ.ಎಡ್.ನಲ್ಲಿ ಪಾಠ ಮಾಡಲು ಕಲಿತ ವಿಷಯ, ಯಾವುದು ನೋಡಿ. ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಆದರೆ ಬಾಗಿಲು ಜಾಸ್ತಿ. ಸಮಾಜ ವಿಜ್ಞಾನ ಆದರೆ ಕಡಿಮೆ. ಕನ್ನಡ ಆದರೆ ಇನ್ನೂ ಕಡಿಮೆ. ಕನ್ನಡ ಮೇಷ್ಟ್ರುಗಳಿಗೆ ಬೇಜಾರಾಗಬಹುದು, ಆದರೆ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡನೆಯದು, ಹೊರಡುವ ಮುಂಚೆ ಕೈಯಿಂದ ಎಷ್ಟು ಹೋಗುತ್ತದೆ. ಮೂರನೆಯದು, ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ. ಸಂಬಳ ಎಷ್ಟು ಅಂತ ಕೇಳಬೇಡಿ, ಮನೆ ಬಾಡಿಗೆ ಯಾರದ್ದು ಅಂತ ಕೇಳಿ. ನಾಲ್ಕನೆಯದು, ವಾಪಸ್ ಬಂದಾಗ ಆ ಅನುಭವವನ್ನು ಇಲ್ಲಿಯವರು ಅನುಭವ ಅಂತ ಒಪ್ಪುತ್ತಾರಾ.

ಐದನೆಯದನ್ನು ಯಾರೂ ಕೇಳುವುದಿಲ್ಲ: ರಜೆ ಯಾವ ತಿಂಗಳಲ್ಲಿ? ಮೇಷ್ಟ್ರ ಕೆಲಸದಲ್ಲಿ ಬೇಕೆಂದಾಗ ರಜೆ ಹಾಕಲು ಆಗುವುದಿಲ್ಲ, ಶಾಲೆಗೆ ರಜೆ ಬಂದಾಗ ಮಾತ್ರ ನಿಮಗೆ ರಜೆ. ತಿರುಗಾಟವೂ ಆಗಲೇ, ಊರಿಗೆ ಬರುವುದೂ ಆಗಲೇ. ಮನೆಯಲ್ಲಿ ಅಡಿಕೆ ತೋಟ ಇದ್ದು, ಇರುವುದು ನೀವೊಬ್ಬರೇ ಮಕ್ಕಳು ಅಂತಾದರೆ ಸಂಬಳದಷ್ಟೇ ದೊಡ್ಡ ವಿಷಯ ಇದು.

ಓದುವಾಗಲೇ ಒಂದು ಸುತ್ತು

ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪ್ರಾಕ್ಟೀಸ್ ಟೀಚಿಂಗನ್ನೇ ಬೇರೆ ದೇಶದಲ್ಲಿ ಮಾಡಿ ಬರಬಹುದು, ಅಂಕಕ್ಕೂ ಸೇರುತ್ತದೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮದಂತೆ ಬಿ.ಎಡ್. ಎರಡು ವರ್ಷ ಆಯಿತು, ಅದರಲ್ಲಿ 20 ವಾರ ಶಾಲೆಯ ಇಂಟರ್ನ್‌ಶಿಪ್. ಯಾವ ಶಾಲೆ ಅಂತ ತೀರ್ಮಾನ ಮಾಡುವುದು ಕಾಲೇಜು. ಅದು ಭದ್ರಾವತಿಯಾಗಬಹುದು, ಬ್ಯಾಂಕಾಕ್ ಆಗುವುದಿಲ್ಲ.

ಉಳಿಯುವುದು ರಜೆ. ಐಸೆಕ್‌ನಂಥ ವಿದ್ಯಾರ್ಥಿ ಸಂಘಟನೆಗಳು 18ರಿಂದ 30 ವರ್ಷದವರನ್ನು 6ರಿಂದ 8 ವಾರ ಹೊರದೇಶಕ್ಕೆ ಸ್ವಯಂಸೇವಕರಾಗಿ ಕಳಿಸುತ್ತವೆ. ಪಾಠ ಮಾಡುವ ಕೆಲಸವೂ ಸಿಗುತ್ತದೆ. ಸಂಬಳ ಇಲ್ಲ. ಶುಲ್ಕ, ವಿಮಾನದ ಟಿಕೆಟ್, ವೀಸಾ ನಿಮ್ಮದೇ. ಹೊಸ ಊರಲ್ಲಿ ಗೊತ್ತಿಲ್ಲದ ಮಕ್ಕಳ ಮುಂದೆ ನಿಂತಾಗ ಬಾಯಿ ಬರುತ್ತದಾ, ಒಂಟಿಯಾಗಿ ಇರಲು ಆಗುತ್ತದಾ ಅಂತ ಪರೀಕ್ಷೆ ಮಾಡಿಕೊಳ್ಳಲು ಒಳ್ಳೆಯದು. ಕೆಲಸಕ್ಕೆ ಅರ್ಜಿ ಹಾಕುವಾಗ ಇದನ್ನು ಶಿಕ್ಷಕ ಅನುಭವ ಅಂತ ಯಾರೂ ಲೆಕ್ಕ ಹಿಡಿಯುವುದಿಲ್ಲ. ಅಪ್ಪನ ದುಡ್ಡಿನಲ್ಲಿ ಹೋಗುವುದಾದರೆ ನಾನು ಬೇಡ ಅನ್ನುತ್ತೇನೆ. ಅದೇ ಪರೀಕ್ಷೆಯನ್ನು ಕನ್ನಡ ಬಾರದ ಯಾವುದಾದರೂ ರಾಜ್ಯದಲ್ಲಿ ಒಂದು ತಿಂಗಳು ಮಾಡಿ ನೋಡಿ. ರೈಲು ಟಿಕೆಟ್ಟಿನಲ್ಲಿ ಮುಗಿಯುತ್ತದೆ.

ಗಲ್ಫ್: ದುಡ್ಡಿಗೆ ಒಳ್ಳೆಯದು, ಕಾಗದ ಓದಲು ಬಂದರೆ

ನನಗೆ ಚೆನ್ನಾಗಿ ಗೊತ್ತಿರುವುದು ಇದೊಂದೇ, ಹಾಗಾಗಿ ಉದ್ದಕ್ಕೆ ಹೇಳುತ್ತೇನೆ.

ಯುಎಇ, ಓಮನ್, ಕತಾರ್, ಬಹ್ರೇನ್, ಎಲ್ಲ ಕಡೆ ಸಿಬಿಎಸ್‌ಇ ಶಾಲೆಗಳಿವೆ. ಅಲ್ಲಿ ನಿಮ್ಮ ಬಿ.ಎಡ್.ಗೆ ನೇರ ಬೆಲೆ. ಪುಸ್ತಕ ಅದೇ, ಪರೀಕ್ಷೆ ಅದೇ. ಯುಎಇಯ ಭಾರತೀಯ ಶಾಲೆಗಳಲ್ಲಿ ವರ್ಷ ಶುರುವಾಗುವುದೂ ಏಪ್ರಿಲ್‌ನಲ್ಲೇ. ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಶಾಲೆಯೇ ಮನೆ ಕೊಟ್ಟರೆ ಉಳಿತಾಯ ಚೆನ್ನಾಗಿ ಆಗುತ್ತದೆ. ಬಾಡಿಗೆ ನಿಮ್ಮ ತಲೆ ಮೇಲೆ ಬಂದರೆ, ಅದರಲ್ಲೂ ದುಬೈಯಲ್ಲಿ, ಸಂಬಳದ ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಹೋಗುವ ಮುಂಚಿನ ಕೆಲಸ ಸರ್ಟಿಫಿಕೇಟುಗಳ ಅಟೆಸ್ಟೇಷನ್, ಅಂದರೆ ಅವು ಅಸಲಿ ಅಂತ ಮುದ್ರೆ ಹಾಕಿಸುವುದು. ಯುಎಇಗೆ ಬೇಕಾದರೆ ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆ. ಓಮನ್, ಬಹ್ರೇನ್, ಸೌದಿ ಅಪೊಸ್ಟಿಲ್ ಒಪ್ಪಂದದಲ್ಲಿವೆ, ಅಂದರೆ ಒಂದು ದೇಶ ಹಾಕಿದ ಮುದ್ರೆಯನ್ನು ಇನ್ನೊಂದು ದೇಶ ರಾಯಭಾರ ಕಚೇರಿಯ ಮುದ್ರೆ ಇಲ್ಲದೆ ಒಪ್ಪುತ್ತದೆ. ಭಾರತವೂ 2005ರಿಂದ ಅದರಲ್ಲಿದೆ. ಹಾಗಾಗಿ ಅಲ್ಲಿಗೆ ಈ ಸುತ್ತಾಟ ಕಡಿಮೆ.

ಇದರಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಊರು, ಅಪ್ಪನ ಹೆಸರು, ಪದವಿಯಲ್ಲಿ ಇನಿಷಿಯಲ್ಲೇ ಇಲ್ಲ. ಮೂರು ಕಾಗದಕ್ಕೆ ಮೂರು ಜನ. ಅಫಿಡವಿಟ್ ಮಾಡಿಸಿಕೊಂಡು ಓಡಾಡಿದ್ದರಲ್ಲೇ ನನಗೆ ಒಂದು ತಿಂಗಳು ಹೋಯಿತು. ನೀವು ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲ ಅಂದರೆ, ಅಂಕಪಟ್ಟಿ ಎದುರಿಗಿಟ್ಟುಕೊಂಡು ಅರ್ಜಿ ತುಂಬಿ. 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ಬರುತ್ತದೆ. ಪೊಲೀಸ್ ಕ್ಲಿಯರೆನ್ಸ್‌ಗೆ 500.

ಏಜೆಂಟ್ ವಿಷಯ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ಕೆಲಸಕ್ಕೆ ಹೋಗುವವರಿಂದ ತಗೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನನ್ನ ಹತ್ತಿರ ತಗೊಂಡಿದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ, ರಸೀದಿಯೂ ಇಲ್ಲ. ಹತ್ತನೇ ಕ್ಲಾಸ್ ದಾಟಿದವರಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರಡುವ ಮುಂಚಿನ ಸರ್ಕಾರದ ಅನುಮತಿ, ಬೇಕಿಲ್ಲ ಅನ್ನುವುದು ಅನುಕೂಲ ಅಂತ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು, ನನ್ನ ಒಪ್ಪಂದವನ್ನು ಸರ್ಕಾರದ ಕಡೆಯವರು ಯಾರೂ ಓದಲೇ ಇಲ್ಲ. ಓದಬೇಕಾಗಿದ್ದು ನಾನೊಬ್ಬಳೇ. ನಾನೂ ಓದಿರಲಿಲ್ಲ.

ಓದಿದ್ದರೆ ಬೇಸಿಕ್ ಸಂಬಳ ಎಷ್ಟು ಅಂತ ನೋಡುತ್ತಿದ್ದೆ. ಅಲ್ಲಿ ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ. ಒಟ್ಟು ಸಂಬಳದ ಮೇಲೆ ಅಲ್ಲ. ನನಗೆ ಬೇಸಿಕ್ ಸಣ್ಣದು, ಉಳಿದದ್ದೆಲ್ಲ ಭತ್ಯೆ ಅಂತ ತೋರಿಸಿದ್ದರು. ನಾಲ್ಕು ವರ್ಷದ ಲೆಕ್ಕ ಕೈಗೆ ಬಂದಾಗ ಅಳುವುದೋ ನಗುವುದೋ ಗೊತ್ತಾಗಲಿಲ್ಲ.

ತಿರುಗಾಟ? 2022ರಿಂದ ಅಲ್ಲಿ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಕೇಳಲು ಚೆನ್ನಾಗಿದೆ. ಆದರೆ ಐದು ಸೆಕ್ಷನ್ನಿನ ನೋಟ್‌ಬುಕ್ ತಿದ್ದುವುದರಲ್ಲಿ ಶನಿವಾರ ಮುಗಿಯುತ್ತದೆ. ಅಲ್ಲಿನ ನಿವಾಸಿ ವೀಸಾ ಇದ್ದವರಿಗೆ ಜಾರ್ಜಿಯಾದಂಥ ಕಡೆ ಬೇರೆ ವೀಸಾ ಇಲ್ಲದೆ ಹೋಗಲು ಅವಕಾಶ ಇತ್ತು. ನಾನು ಹೋಗಿದ್ದು ಒಂದೇ ಸಲ, ಒಂದು ವಾರ. ದೊಡ್ಡ ರಜೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಎಲ್ಲರೂ ಆಗಲೇ ಹೊರಡುವುದರಿಂದ ಟಿಕೆಟ್ ಬೆಲೆ ಮುಗಿಲು ಮುಟ್ಟಿರುತ್ತದೆ. ಅಪ್ಪ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವವರನ್ನು ಹುಡುಕುತ್ತಿದ್ದ ಹೊತ್ತಿಗೆ ನಾನು ಸೂಟ್‌ಕೇಸ್ ಹಿಡಿದು ಅಂಗಳದ ಕೆಸರಲ್ಲಿ ಇಳಿಯುತ್ತಿದ್ದೆ. ನಾಲ್ಕು ವರ್ಷ ಊರನ್ನು ನೋಡಿದ್ದು ಬರೀ ಮಳೆಯಲ್ಲಿ. ದೀಪಾವಳಿ ಇಲ್ಲ, ಎಳ್ಳಮಾವಾಸ್ಯೆ ಜಾತ್ರೆ ಇಲ್ಲ, ಕೊಯ್ಲಿನ ಗಲಾಟೆ ಇಲ್ಲ.

ಒಂದು ಒಳ್ಳೆಯದನ್ನೂ ಹೇಳಬೇಕು. ದುಬೈಯಲ್ಲಿ ಕನ್ನಡಿಗರು ವಾರದ ಕೊನೆಗೆ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ, ಸಂಬಳ ತಗೊಳ್ಳದೆ. ಒಂದೆರಡು ಸಲ ನಾನೂ ಹೋಗಿದ್ದೆ. 'ಅಜ್ಜಿ ಜೊತೆ ಫೋನಲ್ಲಿ ಮಾತಾಡ್ಬೇಕು' ಅಂತಲೇ ಕಲಿಯಲು ಬಂದ ಹುಡುಗನೊಬ್ಬ ಇದ್ದ. ಅಲ್ಲಿ ನಾನು ಖುಷಿಯಿಂದ ಪಾಠ ಮಾಡಿದ್ದು ಅಂದರೆ ಅದೇ.

ಭೂತಾನ್, ಮಾಲ್ಡೀವ್ಸ್

ಭೂತಾನದ ಶಾಲೆಗಳಲ್ಲಿ ಪಾಠ ಇಂಗ್ಲಿಷ್‌ನಲ್ಲೇ, ಜೊಂಗ್ಖಾ ಒಂದು ಭಾಷೆಯಾಗಿ ಇರುತ್ತದೆ. ಅಲ್ಲಿಯ ಒಂದು ಗುಲ್ಟ್ರಮ್ ಅಂದರೆ ನಮ್ಮ ಒಂದು ರೂಪಾಯಿ, ವಿನಿಮಯದ ತಲೆನೋವಿಲ್ಲ. ಒಳಗೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಕೆಲಸಕ್ಕೆ ಮಾತ್ರ ಪರವಾನಗಿ ಬೇಕೇ ಬೇಕು. ಪ್ರವಾಸಿಯಾಗಿ ಹೋದ ಭಾರತೀಯರು ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟುವ ದೇಶದಲ್ಲಿ ಸಂಬಳ ತಗೊಂಡು ವರ್ಷಗಟ್ಟಲೆ ಇರುವುದು ಸುಮ್ನೆ ಮಾತಲ್ಲ. ಗಲ್ಫಿನಷ್ಟು ಉಳಿಯುವುದಿಲ್ಲ, ಕೆಲಸ ಎಲ್ಲ ವರ್ಷವೂ ಸಿಗುತ್ತದೆ ಅಂತಲೂ ಇಲ್ಲ. ಹಳ್ಳಿ ಶಾಲೆಗೆ ಹಾಕಿದರೆ ಆಗುಂಬೆ ಘಾಟಿಯೇ ಹೆದ್ದಾರಿ ಅನ್ನಿಸುವಂಥ ರಸ್ತೆ.

ಆದರೆ ರಜೆ ನೋಡಿ. ಶಾಲೆ ಶುರುವಾಗುವುದು ಫೆಬ್ರವರಿಯಲ್ಲಿ, ಮುಗಿಯುವುದು ಡಿಸೆಂಬರ್‌ನಲ್ಲಿ. ದೊಡ್ಡ ರಜೆ ಚಳಿಗಾಲದಲ್ಲಿ. ನಮ್ಮಲ್ಲಿ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು ನಡೆಯುವ ಹೊತ್ತು ಅದೇ. ತೋಟದ ಮನೆಯ ಮಕ್ಕಳಿಗೆ ಇಷ್ಟು ಸರಿಯಾಗಿ ಕೂಡಿ ಬರುವ ಶಾಲೆ ವರ್ಷವನ್ನು ಬೇರೆಲ್ಲೂ ನಾನು ಕಂಡಿಲ್ಲ.

ಮಾಲ್ಡೀವ್ಸ್‌ನಲ್ಲಿ ಭಾರತೀಯ ಶಿಕ್ಷಕರು ಮೊದಲಿಂದಲೂ ಇದ್ದಾರೆ. ಫೋಟೊದಲ್ಲಿ ನೋಡುವ ರೆಸಾರ್ಟಿಗೂ ನಿಮ್ಮ ಶಾಲೆ ಇರುವ ದ್ವೀಪಕ್ಕೂ ಸಂಬಂಧ ಇಲ್ಲ. ಸಣ್ಣ ದ್ವೀಪ ಆದರೆ ಸಂಜೆ ಒಂದು ಸುತ್ತು ಹಾಕಿದರೆ ಮುಗಿಯಿತು. ಆಚೆ ಹೋಗಬೇಕಾದರೆ ದೋಣಿಯ ಹೊತ್ತು ಕಾಯಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಲಾಂಚಿನ ಹೊತ್ತು ನೋಡಿಕೊಂಡೇ ಬದುಕಿದವರು ಅವರು. ಇನ್ನೊಂದು ತೊಡಕು ಹಣದ್ದು. ಸಂಬಳ ಅಲ್ಲಿಯ ರುಫಿಯಾದಲ್ಲಿ. ಡಾಲರ್ ಕೊರತೆ ಇರುವುದರಿಂದ ಊರಿಗೆ ಕಳಿಸುವುದಕ್ಕೆ ಬ್ಯಾಂಕಿನವರು ಮಿತಿ ಹಾಕುತ್ತಾರೆ. ಮನೆಯಲ್ಲಿ ಸಾಲ ಇದ್ದು ತಿಂಗಳು ತಿಂಗಳು ಕಳಿಸಲೇಬೇಕು ಅನ್ನುವವರು ಇದನ್ನು ಮೊದಲೇ ವಿಚಾರಿಸಿ.

ಥಾಯ್ಲೆಂಡ್: ತಿರುಗಲು ಇದೇ

ಇಂಗ್ಲಿಷ್ ಕಲಿಸಿಕೊಂಡು ಊರೂರು ಸುತ್ತುವ ವಿಡಿಯೊ ನೋಡಿ ಆಸೆ ಪಡುವವರು ಮೊದಲು ಒಂದು ಮಾತು ಕೇಳಬೇಕು. ಆ ವಿಡಿಯೊದಲ್ಲಿ ಇರುವವರ ಪಾಸ್‌ಪೋರ್ಟ್ ಯಾವುದು ನೋಡಿ. ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳ ಇಂಗ್ಲಿಷ್ ಯೋಜನೆ ಮುಖ್ಯವಾಗಿ ಕರೆಯುವುದು ಅಮೆರಿಕ, ಬ್ರಿಟನ್, ಕೆನಡಾದಂಥ ಏಳು ದೇಶದವರನ್ನು. ಅದರಲ್ಲಿ ನಾವಿಲ್ಲ.

ಥಾಯ್ಲೆಂಡ್‌ನಲ್ಲಿ ಭಾರತೀಯರಿಗೆ ಕೆಲಸ ಸಿಗುತ್ತದೆ. ಇಂಗ್ಲಿಷ್ ತಾಯಿನುಡಿ ಅಲ್ಲದವರಿಂದ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕ ಅಥವಾ ಅದಕ್ಕೆ ಸಮನಾದದ್ದು ಕೇಳುತ್ತಾರೆ. ಇಂಗ್ಲಿಷ್ ಕಲಿಸುವುದನ್ನು ಹೇಳಿಕೊಡುವ 120 ಗಂಟೆಯ ಟೆಫ್ಲ್ ಕೋರ್ಸನ್ನೂ ಬಹಳ ಶಾಲೆಗಳು ಕೇಳುತ್ತವೆ. ಅದೇ ಕೆಲಸಕ್ಕೆ ಬಿಳಿಯರಿಗಿಂತ ಕಡಿಮೆ ಸಂಬಳ ಕೊಡುವ ಕಡೆಗಳೂ ಇವೆ, ಅದನ್ನು ನುಂಗಿಕೊಳ್ಳಲು ಆಗುತ್ತದಾ ಅಂತ ಹೊರಡುವ ಮುಂಚೆ ಯೋಚಿಸಿ. ಪ್ರವಾಸಿ ವೀಸಾದಲ್ಲಿ ಬಾ, ಆಮೇಲೆ ಸರಿ ಮಾಡೋಣ ಅಂದರೆ ಬೇಡ ಅನ್ನಿ. ಕೆಲಸದ ಪರವಾನಗಿ ಇಲ್ಲದೆ ಪಾಠ ಮಾಡುವುದು ಅಲ್ಲಿ ಅಪರಾಧ. ಒಪ್ಪಂದ 12 ತಿಂಗಳದ್ದೋ, ರಜೆ ತಿಂಗಳುಗಳನ್ನು ಬಿಟ್ಟದ್ದೋ ಅದನ್ನೂ ಕೇಳಿ.

ಇಷ್ಟೆಲ್ಲ ಆದ ಮೇಲೆ ತಿರುಗಾಟಕ್ಕೆ ಇದರಷ್ಟು ಒಳ್ಳೆಯದು ಈ ಪಟ್ಟಿಯಲ್ಲಿ ಇಲ್ಲ. ಮಾರ್ಚ್ ನಡುವಿನಿಂದ ಮೇ ನಡುವಿನ ತನಕ ರಜೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ಊಟ, ಓಡಾಟ ಅಗ್ಗ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಲಾವೋಸ್ ಗಡಿ. ಉಳಿತಾಯ ಮಾತ್ರ ಕೇಳಬೇಡಿ. ವಾಪಸ್ ಬಂದು ಇಲ್ಲಿ ಇಂಟರ್‌ವ್ಯೂಗೆ ಕೂತರೆ "ಅಲ್ಲಿ ಸ್ಪೋಕನ್ ಇಂಗ್ಲಿಷ್ ಮಾಡಿದ್ರಾ? ಸರಿ, ಸಬ್ಜೆಕ್ಟ್ ಯಾವಾಗ ಮಾಡಿದ್ದು?" ಅನ್ನುವ ಪ್ರಶ್ನೆ ಬರುತ್ತದೆ.

ಇಂಗ್ಲೆಂಡ್, ಅಮೆರಿಕ: ಕಾಯುವವರಿಗೆ

ಇವೆರಡೂ ಬಿ.ಎಡ್. ಮುಗಿದ ಮರುದಿನಕ್ಕೆ ಅಲ್ಲ. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಶಿಕ್ಷಕರೂ ಇಂಗ್ಲೆಂಡಿನ ಅರ್ಹ ಶಿಕ್ಷಕ ಮಾನ್ಯತೆಗೆ, ಅಂದರೆ ಕ್ಯುಟಿಎಸ್‌ಗೆ, ಅರ್ಜಿ ಹಾಕಬಹುದು. 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವವರಿಗೆ ಮಾತ್ರ. ತರಬೇತಿ ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಪಾಠ ಮಾಡಿರಬೇಕು. ಅರ್ಜಿಗೆ ಶುಲ್ಕ ಇಲ್ಲ. ಆದರೆ ಆ ಕಾಗದ ಕೆಲಸವೂ ಅಲ್ಲ, ವೀಸಾವೂ ಅಲ್ಲ. ವೀಸಾ ಕೊಡಿಸಲು ಒಪ್ಪುವ ಶಾಲೆಯನ್ನು ನೀವೇ ಹುಡುಕಬೇಕು. ಲಂಡನ್‌ನ ಹೊರಗೆ ಹೊಸ ಶಿಕ್ಷಕರ ಸಂಬಳ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 31,650 ಪೌಂಡ್ ಆಗಿತ್ತು. ರೂಪಾಯಿಗೆ ಗುಣಿಸಿ ಕಣ್ಣರಳಿಸಬೇಡಿ. ತೆರಿಗೆ ಇದೆ, ಬಾಡಿಗೆ ಇದೆ, ವೀಸಾ ಜೊತೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಬೇರೆ. ಶಿಕ್ಷಕರು ಕೆಲಸ ಮಾಡಬೇಕಾದ್ದು ವರ್ಷಕ್ಕೆ 195 ದಿನ. ಪಾಠ ಮತ್ತು ತಿರುಗಾಟ ಎರಡಕ್ಕೂ ಜಾಗ ಇರುವುದು ಇಲ್ಲಿ. ಆದರೆ ಫ್ರಾನ್ಸ್‌ಗೆ ಹೋಗಲು ಮತ್ತೆ ಯುರೋಪಿನ ಬಹಳ ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇಕು ಅನ್ನುವುದು ನೆನಪಿರಲಿ.

ಅಮೆರಿಕದ ಜೆ-1 ಶಿಕ್ಷಕ ವೀಸಾಕ್ಕೆ ಎರಡು ವರ್ಷದ ಪೂರ್ಣಾವಧಿ ಅನುಭವ ಬೇಕು. ಮೂರು ವರ್ಷ ಇರಬಹುದು, ವಿಸ್ತರಿಸಿದರೆ ಐದು. ಆಮೇಲೆ ವಾಪಸ್ ಬರಲೇಬೇಕು, ಎರಡು ವರ್ಷ ಹೊರಗಿದ್ದ ಮೇಲೆ ಮತ್ತೆ ಅದೇ ವೀಸಾಕ್ಕೆ ಅರ್ಜಿ. ಹೊಸಬರಿಗೆ ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನವಾದ ಫುಲ್‌ಬ್ರೈಟ್‌ನ ಭಾಷಾ ಸಹಾಯಕ ಶಿಕ್ಷಕ ಯೋಜನೆ ಇದೆ, ಒಂಬತ್ತು ತಿಂಗಳು ಅಲ್ಲಿಯ ಕಾಲೇಜಿನಲ್ಲಿ ಹಿಂದಿ, ಉರ್ದುವಿನಂಥ ಭಾಷೆ ಕಲಿಸುವುದು. ಹಿಂದಿ ಚೆನ್ನಾಗಿ ಬರುವವರು ಆ ವರ್ಷದ ಪ್ರಕಟಣೆ ನೋಡಿ.

ಮನಸ್ಸಿಲ್ಲದೆ ಬರೆದ ಐದನೇ ಹೆಸರು

ಕೇಂದ್ರೀಯ ವಿದ್ಯಾಲಯ ಅಂದರೆ ಅವಳಿಗೆ ತಾತ್ಸಾರ. ಆದರೆ ಕೆವಿಗಳಲ್ಲಿ ಮೂರು ಹೊರದೇಶದಲ್ಲಿವೆ: ಕಠ್ಮಂಡು, ಮಾಸ್ಕೊ, ಟೆಹರಾನ್. ಅಲ್ಲಿಗೆ ಇಲ್ಲಿ ಕೆಲಸದಲ್ಲಿರುವವರನ್ನೇ ಆರಿಸಿ ಕಳಿಸುತ್ತಾರೆ. ಮೂರೇ ಶಾಲೆ ಆದ್ದರಿಂದ ಅದನ್ನೇ ನಂಬಿ ಕೂರಬಾರದು. ದೇಶದೊಳಗಿನ ವರ್ಗಾವಣೆಯಂತೂ ಇದ್ದೇ ಇದೆ, ಲೇಹ್ ಆಗಬಹುದು, ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯ ಪುರಂ) ಆಗಬಹುದು. ಎಲ್‌ಟಿಸಿ, ಅಂದರೆ ರಜೆ ಪ್ರವಾಸದ ಸೌಲಭ್ಯದಲ್ಲಿ, ಸರ್ಕಾರದ ದುಡ್ಡಿನಲ್ಲೇ ಮನೆಯವರನ್ನೂ ಕರೆದುಕೊಂಡು ದೂರ ಹೋಗಿ ಬರಬಹುದು.

ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯವೂ ಹೀಗೇ. ನಮ್ಮ ಗಾಜನೂರಿನ ನವೋದಯವನ್ನೇ ನೋಡಿ. ಅಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಲ್ಲಿ ನೂರಕ್ಕೆ 30ರಷ್ಟು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ತುಂಗೆಯ ದಡದಲ್ಲಿ ಕೂತು ಊರಿಗೆ ಫೋನ್ ಮಾಡಿ ಅಳುವ ಆ ಮಕ್ಕಳಿಗೆ ಪಾಠ ಮಾಡುವುದು ಹೊರದೇಶದ ಪಾಠಕ್ಕಿಂತ ಏನೂ ಕಡಿಮೆಯಲ್ಲ. ವಸತಿ, ಊಟ ಶಾಲೆಯದ್ದೇ. ಆದರೆ ವಸತಿ ಶಾಲೆ ಅಂದರೆ ರಾತ್ರಿ ಹತ್ತು ಗಂಟೆಗೂ ನೀವು ಮೇಷ್ಟ್ರೇ. ಕೆವಿ, ನವೋದಯ ಎರಡಕ್ಕೂ ಹೈಸ್ಕೂಲು ಹಂತಕ್ಕೆ ಸಿಟಿಇಟಿ, ಅಂದರೆ ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆಯ, ಎರಡನೇ ಪೇಪರ್ ಪಾಸಾಗಿರಬೇಕು, ಆಮೇಲೆ ಅವರ ಪರೀಕ್ಷೆ ಬೇರೆ. ಸಿಟಿಇಟಿ ಒಮ್ಮೆ ಪಾಸಾದರೆ ಜೀವನವಿಡೀ ನಡೆಯುತ್ತದೆ. ಹೊರದೇಶದ ಯೋಚನೆ ಇದ್ದರೂ ಈಗಲೇ ಬರೆದಿಡಿ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಸಾಲ ಇದೆ, ವಿಷಯ ಗಣಿತವೋ ವಿಜ್ಞಾನವೋ ಆಗಿದೆ ಅಂದರೆ ಗಲ್ಫ್. ತಿರುಗಾಟದ ಆಸೆಯನ್ನು ಮೂರು ವರ್ಷ ಕಟ್ಟಿಡಿ, ಒಪ್ಪಂದ ಮಾತ್ರ ಓದಿ. ಸಾಲ ಇಲ್ಲ, ಉಳಿತಾಯದ ಆಸೆಯೂ ಇಲ್ಲ, 25ರ ಒಳಗೆ ಒಂದಷ್ಟು ನೋಡಿಬಿಡಬೇಕು ಅನ್ನುವವರು ಒಂದೇ ವರ್ಷಕ್ಕೆ ಥಾಯ್ಲೆಂಡ್‌ಗೆ ಹೋಗಿ ಬನ್ನಿ. ಎರಡನೇ ವರ್ಷ ಅಲ್ಲೇ ಕಳೆದರೆ ಇಲ್ಲಿ ವಿವರಣೆ ಕೊಡುವುದು ಕಷ್ಟ. ಗಣಿತದಲ್ಲಿ ಗಟ್ಟಿ ಇದ್ದು ಕಾಯುವ ತಾಳ್ಮೆ ಇದ್ದವರಿಗೆ ಇಂಗ್ಲೆಂಡ್. ಮೆಥಡ್ ಸಮಾಜ ವಿಜ್ಞಾನ ಆದವರು ನವೋದಯ, ಕೆವಿಯನ್ನೇ ಮೊದಲು ನೋಡಿ. ಏನೂ ತೋಚದವರು ಯಾವುದಾದರೂ ಸಿಬಿಎಸ್‌ಇ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿ, ಅನುಭವ ಪತ್ರ ಸರಿಯಾಗಿ ಬರೆಸಿಕೊಳ್ಳಿ. ಮೇಲೆ ಹೇಳಿದ ಬಾಗಿಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತೆರೆಯುವುದು ಆ ಒಂದು ಹಾಳೆಗೆ.

ಇಷ್ಟೆಲ್ಲ ಹೇಳುವ ಹೊತ್ತಿಗೆ ಅವಳ ಕಾಫಿ ತಣ್ಣಗಾಗಿತ್ತು. ಲಂಡನ್ ಮುಂದೆ 'ಎರಡು ವರ್ಷ ಆದ್ಮೇಲೆ' ಅಂತ ಬರೆದಳು. ದುಬೈ ಹೆಸರನ್ನು ಹೊಡೆದು ಹಾಕಿ, ಮತ್ತೆ ಬರೆದಳು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ತಿರುಗಿ ಕೇಳಿದಳು:

"ಅಕ್ಕಾ, ಭೂತಾನದಲ್ಲಿ ರಜೆ ಡಿಸೆಂಬರ್‌ನಲ್ಲಿ ಅಂದ್ರಲ್ಲ? ನಮ್ಮನೆ ಎರಡನೇ ಕೊಯ್ಲು ಆವಾಗ್ಲೇ."